ಅತ್ತೆಯ ಮುಖಕ್ಕೆ ಎರಡು ಸೀಲು

ಹೊಟ್ಟೆ ತುಂಬಿದಾಗ ಹೇಳುವ ಸುಳ್ಳು ಬಲು ಅಪಾಯಕಾರಿ. ಹಸಿದವನು ಸುಳ್ಳು ಹೇಳಿದರೆ ಒಂದು ಹೊತ್ತಿನ ಊಟಕ್ಕೆ ಸಾಲುವಷ್ಟು ಹೇಳಿ ಸುಮ್ಮನಾಗುತ್ತಾನೆ. ಅತ್ತೆ ಮನೆಯಲ್ಲಿ ಕೇಳಿ ಕೇಳಿ ಬಡಿಸಿಕೊಂಡು ಉಂಡು, ಬೆಲ್ಟು ಸಡಿಲಿಸಿ ಗೋಡೆಗೊರಗಿದವನ ಸುಳ್ಳಿಗೆ ಮಾತ್ರ ಹಿಂದುಮುಂದು ಇರುವುದಿಲ್ಲ. ಸೀಲಪ್ಪ ಆ ಭಾನುವಾರ ಹೇಳಿದ್ದು ಈ ಎರಡನೇ ಜಾತಿಯ ಸುಳ್ಳು.

ಸೀಲಪ್ಪ ಎಂದು ಅವನನ್ನು ಕರೆಯಲು ಶುರು ಮಾಡಿದ್ದು ಕೋರ್ಟು ಬೀದಿಯ ಟೈಪಿಸ್ಟುಗಳು. ಕೋರ್ಟಿನ ಎದುರು, ಜೆರಾಕ್ಸ್ ಅಂಗಡಿಗೂ ಫೋಟೋ ಸ್ಟುಡಿಯೋಕ್ಕೂ ನಡುವೆ, ಒಬ್ಬ ಕೂತರೆ ಇನ್ನೊಬ್ಬ ನಿಂತೇ ಮಾತಾಡಬೇಕಾದಷ್ಟು ಅಗಲದ ಅಂಗಡಿಯಲ್ಲಿ ಅವನು ರಬ್ಬರ್ ಸೀಲು ಮಾಡುತ್ತಿದ್ದ. 'ಪಾವತಿಸಲಾಗಿದೆ', 'ನಿಜ ಪ್ರತಿ', 'ತುರ್ತು'. ಊರಿನ ಯಾವ ಕಾಗದ ಮುಂದಿನ ಟೇಬಲ್ಲಿಗೆ ಹೋಗಬೇಕಿದ್ದರೂ ಅವನ ರಬ್ಬರಿನ ಒಂದು ಗುದ್ದು ತಿಂದೇ ಹೋಗಬೇಕು. ಇಷ್ಟು ದೊಡ್ಡ ಮನುಷ್ಯನಿಗೆ ಅತ್ತೆ ಮನೆಯಲ್ಲಿ ಬೆಲೆ ಇರಲಿಲ್ಲ. ಕಾರಣ ಅವನ ಷಡ್ಡಕ.

ಹೆಂಡತಿಯ ಅಕ್ಕನ ಗಂಡನಾದ ಈ ಷಡ್ಡಕ ವಿಮಾ ಕಂಪನಿಯಲ್ಲಿ ಮ್ಯಾನೇಜರು. ಅವನು ಬಂದರೆ ಸೋಫಾದ ಮೇಲಿನ ಹೊದಿಕೆ ಬದಲಾಗುತ್ತಿತ್ತು. ಸೀಲಪ್ಪ ಬಂದರೆ, ಕೈಗೆ ಮಸಿ ಇದೆಯೇನೋ ಎಂದು ಎಲ್ಲರೂ ಮೊದಲು ಹೊದಿಕೆಯನ್ನು ನೋಡುತ್ತಿದ್ದರು. ಆ ಭಾನುವಾರ ಷಡ್ಡಕ ಕಂಪನಿಯ ತರಬೇತಿಗೆಂದು ಯಾವುದೋ ದೊಡ್ಡ ಹೋಟೆಲಿನಲ್ಲಿದ್ದು ಬಂದಿದ್ದ. ಊಟವಾದ ಮೇಲೆ ಫೋನು ತೆಗೆದು ಎಲ್ಲರ ಮೂಗಿನ ಕೆಳಗೂ ಹಿಡಿದ.

"ನೋಡಿ, ಹೋಟೆಲಿನ ಗೋಡೆ ಮೇಲಿತ್ತು. ದೂರದಿಂದ ನೋಡಿದ್ರೆ ಯಾರೋ ಮುದುಕನ ಮುಖ. ಹತ್ರ ಹೋದ್ರೆ ಗೆರೆ ಇಲ್ಲ, ಬಣ್ಣ ಇಲ್ಲ, ಬರೀ ಅಕ್ಷರ! ಜನ ಸಾಮಾನ್ಯವಾಗಿ ಆಡೋ ಒಂದೇ ಒಂದು ಮಾತನ್ನ ಮತ್ತೆ ಮತ್ತೆ ಬರೆದು ಮುಖ ಮಾಡಿಟ್ಟಿದ್ದಾರೆ. ಕಲೆ ಅಂದ್ರೆ ಇದಪ್ಪ." ಆಮೇಲೆ ಸೀಲಪ್ಪನ ಕಡೆ ತಿರುಗಿ, "ನೀವೂ ದಿನಾ ಅಕ್ಷರದ ಜೊತೆನೇ ಇರ್ತೀರಿ, ಪಾಪ" ಅಂದ.

ಆ 'ಪಾಪ' ಇಲ್ಲದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಇದೇನು ಮಹಾ!" ಅಂದ ಸೀಲಪ್ಪ. "ಬಿಡುವಾದಾಗ ನಾನೂ ಮಾಡ್ತಿರ್ತೀನಿ."

ಅವನ ಹೆಂಡತಿ ಗಂಡನನ್ನೇ ದುರುಗುಟ್ಟಿ ನೋಡಿದಳು. ಬಿಡುವಾದಾಗ ಅವನು ಮಾಡುತ್ತಿದ್ದುದು ಸೀಲಿನ ಪ್ಯಾಡಿನ ಪೆಟ್ಟಿಗೆ ತಲೆಗಿಟ್ಟುಕೊಂಡು ನಿದ್ದೆ ಎಂಬುದು ಅವಳಿಗೆ ಗೊತ್ತಿತ್ತು. ಎಷ್ಟೋ ಸಲ ಕೆನ್ನೆಯ ಮೇಲೆ ನೀಲಿ ಚೌಕ ಮೂಡಿಸಿಕೊಂಡು ಮನೆಗೆ ಬಂದಿದ್ದ.

"ಹೌದಾ!" ಷಡ್ಡಕನಿಗೆ ಖುಷಿಯೋ ಖುಷಿ. "ಹಾಗಾದ್ರೆ ಮುಂದಿನ ತಿಂಗಳು ಅತ್ತೆಯವರ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಅವರದೇ ಒಂದು ಮಾಡಿ ತನ್ನಿ. ಎಲ್ರೂ ನೋಡೋಣ."

"ತರ್ತೀನಿ" ಅಂದ ಸೀಲಪ್ಪ. ಹೊಟ್ಟೆ ತುಂಬಿತ್ತು ನೋಡಿ.

ಅತ್ತೆ ತಮ್ಮ ಕೋಣೆಯ ಬಾಗಿಲಲ್ಲೇ ನಿಂತು, "ಅಯ್ಯೋ, ನನ್ನ ಮುಖ ಯಾಕೆ? ನನಗೇನೂ ಬೇಡಪ್ಪಾ" ಅಂದರು. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಗಡಿಯಾರದ ಟಿಕ್ ಟಿಕ್ ಯಾರ ಕಿವಿಗಾದರೂ ಬೀಳುತ್ತದೆಯೇ? ಅತ್ತೆಯ 'ನನಗೇನೂ ಬೇಡಪ್ಪಾ' ಕೂಡ ಆ ಮನೆಯಲ್ಲಿ ಹಾಗೆಯೇ ಓಡಿಕೊಂಡಿತ್ತು. ಹೊಸ ಶಾಲು ತರಲಾ ಅಂದರೆ ನನಗೇನೂ ಬೇಡ. ಕನ್ನಡಕ ಬದಲಾಯಿಸೋಣವಾ ಅಂದರೆ ನನಗೇನೂ ಬೇಡ. ಎಲ್ಲರೂ ಪ್ರವಾಸ ಹೋಗಿ ಬರುವಾಗ ನಿಮಗೇನು ತರಲಿ ಅಂದರೆ, ನೀವು ಸುಖವಾಗಿ ಬನ್ನಿ ಸಾಕು, ನನಗೇನೂ ಬೇಡ.

ಅದೇ ದಿನ ಅವರ ಮಗ, ಸೀಲಪ್ಪನ ಭಾವಮೈದ, ಇನ್ನೊಂದು ಸುದ್ದಿಯನ್ನೂ ಹೇಳಿದ. ಅವನು ಹಲ್ಲಿನ ಡಾಕ್ಟರು. ಪೇಟೆಯ ಬಾಡಿಗೆ ಕ್ಲಿನಿಕ್ಕು ಬಿಟ್ಟು ಮನೆಯಲ್ಲೇ ಕ್ಲಿನಿಕ್ಕು ಮಾಡುತ್ತಾನಂತೆ. ರಸ್ತೆಗೆ ತೆರೆದುಕೊಳ್ಳುವ ಮುಂದಿನ ಕೋಣೆಯೇ ಅದಕ್ಕೆ ಸರಿಯಂತೆ. ಹೊಸ ಕುರ್ಚಿಗೂ ಹೇಳಿಯಾಗಿತ್ತು, ಗುಂಡಿ ಒತ್ತಿದರೆ ಏರುವ, ಇಳಿಯುವ, ಹಿಂದಕ್ಕೆ ವಾಲುವ ಕುರ್ಚಿ.

ಆ ಮುಂದಿನ ಕೋಣೆ ಅತ್ತೆಯದು. ಅಲ್ಲೊಂದು ಕಿಟಕಿ. ಆ ಕಿಟಕಿಯಲ್ಲಿ ಕೂತು ಅತ್ತೆ ಇಡೀ ಬೀದಿಯನ್ನು ನಡೆಸುತ್ತಿದ್ದರು. ತರಕಾರಿ ಗಾಡಿಯವನು ಮೊದಲ ಬದನೆಕಾಯಿಯನ್ನು ಆ ಕಿಟಕಿಗೆ ತೋರಿಸದೆ ಮುಂದೆ ಹೋಗುವಂತಿರಲಿಲ್ಲ. ಪೋಸ್ಟ್‌ಮ್ಯಾನ್ ಯಾರ ಮನೆಗೆ ಬೀಗ ಬಿದ್ದಿದೆ ಎಂದು ಅಲ್ಲೇ ವಿಚಾರಿಸುತ್ತಿದ್ದ. ಸ್ಕೂಟರ್ ಕಲಿಯುವ ಹುಡುಗಿಯರು ಅಲ್ಲಿಂದ ಬರುವ ಅಪ್ಪಣೆಯಂತೆ ಬ್ರೇಕು ಹಾಕುತ್ತಿದ್ದರು.

"ಅಮ್ಮನ್ನ ಕೇಳ್ದೆ" ಅಂದ ಭಾವಮೈದ. "ಅಡುಗೆಮನೆ ಹಿಂದಿನ ಕೋಣೆ ಸಾಕು, ನನಗೇನೂ ಬೇಡ ಅಂದ್ಲು. ಹುಟ್ಟುಹಬ್ಬದ ಸಾಯಂಕಾಲವೇ ಮಂಚ ಸಾಗಿಸಿಬಿಡೋಣ, ಹೇಗೂ ಎಲ್ರೂ ಇರ್ತೀರಲ್ಲ, ಕೈ ಹಾಕ್ಬಹುದು."

ಹಿಂದಿನ ಕೋಣೆಗೂ ಕಿಟಕಿ ಇತ್ತು. ಅದರಾಚೆ ಪಕ್ಕದ ಮನೆಯ ನೀರಿನ ಟ್ಯಾಂಕು.

ದಾರಿಯುದ್ದಕ್ಕೂ ಸೀಲಪ್ಪನ ಹೆಂಡತಿ ಮೂಗು ಒರೆಸಿಕೊಳ್ಳುತ್ತಲೇ ಬಂದಳು. "ಆ ಕಿಟಕಿ ಇಲ್ದೆ ಅಮ್ಮ ಇರ್ತಾಳೇನ್ರೀ?"

"ಅವರೇ ಬೇಡ ಅಂದ್ರಲ್ಲೇ."

"ಅಮ್ಮ ಯಾವತ್ತು ಬೇಕು ಅಂದಿದ್ದಾಳೆ? ನೀವಂತೂ ಕಲೆಗಾರರು, ಹೋಗಿ. ನನ್ನ ಮಾನ ತೆಗೀಬೇಡಿ, ಅಷ್ಟೇ."

ಸೀಲಪ್ಪನಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಶಾಲೆಯಲ್ಲಿ ಅವನು ಬರೆದ ಹಸುವನ್ನು ಮೇಷ್ಟ್ರು ಬೆಂಚು ಎಂದು ತಿಳಿದು, ಚೆನ್ನಾಗಿದೆ ಅಂದಿದ್ದರು. ಕೈಬರಹವಂತೂ ಔಷಧಿ ಚೀಟಿಯ ಹಾಗೆ. ಆದರೆ ಅವನಿಗೆ ಸೀಲು ಒತ್ತಲು ಬರುತ್ತಿತ್ತು. ಒತ್ತೊತ್ತಾಗಿ ಒತ್ತಿದರೆ ಕಪ್ಪು, ಬಿಡಿಬಿಡಿಯಾಗಿ ಒತ್ತಿದರೆ ಬೂದು, ಒತ್ತದೇ ಬಿಟ್ಟರೆ ಬಿಳುಪು. ಮುಖ ಅಂದರೆ ಇನ್ನೇನು? ಇಷ್ಟೇ ತಾನೇ? ಈ ಸತ್ಯ ಹೊಳೆದಾಗ ಸೀಲಪ್ಪ ಅಂಗಡಿಯಲ್ಲಿ ಒಬ್ಬನೇ ತೊಡೆ ತಟ್ಟಿದ. ಹೊರಗೆ ನಿಂತಿದ್ದ ವಕೀಲರು, ಸೊಳ್ಳೆಯೇ ಎಂದು ಕೇಳಿದರು.

ಯಾವ ಮಾತಿನ ಸೀಲು ಎಂಬ ಪ್ರಶ್ನೆಯೇ ಏಳಲಿಲ್ಲ. ಎಲ್ಲ ಮನೆಯ ಅಮ್ಮಂದಿರೂ ಆಡುವ, ಈ ಅತ್ತೆ ಎಲ್ಲರಿಗಿಂತ ಹೆಚ್ಚು ಆಡುವ ಮಾತು ಒಂದೇ. 'ನನಗೇನೂ ಬೇಡ'. ಅಂಗಡಿಯಲ್ಲಿದ್ದ ಅತಿ ಚಿಕ್ಕ ಅಚ್ಚಿನಲ್ಲಿ ಅದನ್ನು ಜೋಡಿಸಿ, ರಬ್ಬರು ಬೇಯಿಸಿ, ಕತ್ತರಿಸಿ, ಮರದ ಹಿಡಿಗೆ ಅಂಟಿಸಿದ. ಪಕ್ಕದ ಸ್ಟುಡಿಯೋದವನಿಂದ ಅತ್ತೆಯ ಫೋಟೋ ದೊಡ್ಡದು ಮಾಡಿಸಿ, ಗಾಜಿನ ಮೇಜಿನ ಕೆಳಗೆ ದೀಪವಿಟ್ಟು, ಬಿಳಿ ಹಾಳೆಯ ಮೇಲೆ ನೆರಳಿನ ಅಂಚುಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡ. ಮಧ್ಯಾಹ್ನ ಕೋರ್ಟು ಊಟಕ್ಕೆದ್ದ ಹೊತ್ತಿನಲ್ಲಿ ಕೂದಲಿನಿಂದ ಶುರು ಮಾಡಿದ.

ಸಂಜೆ ಸ್ಟುಡಿಯೋದವನು ಬಂದು ಇಣುಕಿ ತಲೆಯಾಡಿಸಿದ. "ನೀವು ಅಕ್ಷರ ನೋಡ್ತಿದ್ದೀರಿ ಸೀಲಪ್ನೋರೇ, ಮುಖ ನೋಡ್ತಿಲ್ಲ. ಅಕ್ಷರ ಸಾಲಾಗಿ ಬರ್ಬೇಕು ಅಂತ ಒತ್ತಿದ್ರೆ ಅತ್ತೆ ಬರಲ್ಲ, ನೋಟೀಸ್ ಬರುತ್ತೆ. ಕನ್ನಡಕ ತೆಗೀರಿ."

"ತೆಗೆದ್ರೆ ನನಗೆ ಏನೂ ಕಾಣಲ್ವಲ್ಲಪ್ಪ."

"ಅದೇ ಬೇಕಾಗಿರೋದು! ಅಕ್ಷರ ಕಾಣ್ಬಾರ್ದು, ಕಪ್ಪು ಬಿಳುಪು ಮಾತ್ರ ಕಾಣ್ಬೇಕು."

ಕನ್ನಡಕ ತೆಗೆದ ಮೇಲೆ ಚಮತ್ಕಾರವೇ ನಡೆಯಿತು. ಹಾಳೆಯ ಮೇಲಿನ ಅಕ್ಷರಗಳೆಲ್ಲ ಕರಗಿ ಹೊಗೆಯಾದವು, ಹೊಗೆಯ ಒಳಗಿನಿಂದ ಅತ್ತೆಯ ಹಣೆ ಎದ್ದು ಬಂತು, ಹುಬ್ಬು ಬಂತು, ಆಮೇಲೆ ಎರಡು ಕಣ್ಣು. ಸೀಲಪ್ಪನಿಗೆ ಅವನ ಜನ್ಮದಲ್ಲಿ ಇಂಥ ಸಂತೋಷ ಆಗಿರಲಿಲ್ಲ. ಹಸಿ ಮಸಿ ಕೈಗೆ ತಾಗಬಾರದೆಂದು ಮೇಲಿನಿಂದ ಕೆಳಕ್ಕೆ ಇಳಿಯುತ್ತ ಬಂದ. ಮೂಗಿನ ತುದಿ ಮುಗಿಯುವ ಹೊತ್ತಿಗೆ ಸರಿಯಾಗಿ, ಅಂಗಡಿಯ ಮುಂದೆ ಜೀಪು ನಿಂತಿತು.

ಬಂದವರು ಔಷಧ ಇಲಾಖೆಯ ಇನ್ಸ್‌ಪೆಕ್ಟರು. ಹಳೆಯದಾದ ಔಷಧಿ ಡಬ್ಬಿಗಳ ಮೇಲೆ ಒತ್ತಲು 'ಅವಧಿ ಮುಗಿದಿದೆ' ಎಂಬ ಸೀಲಿಗೆ ಅವರು ಹೇಳಿದ್ದರು. ಪುಟ್ಟ ಡಬ್ಬಿಗಳ ಮೇಲೂ ಕೂರಬೇಕಾದ್ದರಿಂದ ಅದೂ ಅತಿ ಚಿಕ್ಕ ಅಚ್ಚಿನದೇ. ಹಿಡಿಯೂ ಅದೇ ಅಳತೆಯದು. ಅವರ ಸೀಲು ಸಿದ್ಧವಾಗಿ ಮೇಜಿನ ಮೇಲೆಯೇ ಇತ್ತು, ಅತ್ತೆಯ ಸೀಲಿನ ಪಕ್ಕದಲ್ಲಿ.

"ಬೇಗ ಬೇಗ ಕೊಡಿ, ಮಾರ್ಕೆಟ್ಟಿಗೆ ಹೋಗ್ಬೇಕು, ಜನ ಸೇರಿದ್ದಾರೆ!"

ಪ್ರತಿ ಹಿಡಿಯ ನೆತ್ತಿಯ ಮೇಲೆ ಅದರ ಮಾತು ಬರೆದ ಚೀಟಿ ಅಂಟಿಸಿ ಕೊಡುವುದು ಸೀಲಪ್ಪನ ಅಂಗಡಿಯ ಶಿಸ್ತು. ಎರಡು ಚೀಟಿ ಸಿದ್ಧವಿದ್ದವು, ಎರಡು ಹಿಡಿ ಸಿದ್ಧವಿದ್ದವು. ಕನ್ನಡಕ ಮಾತ್ರ ಅತ್ತೆಯ ಫೋಟೋದ ಕೆಳಗೆ ಎಲ್ಲೋ ಇತ್ತು. ಗೋಂದು ಬಳಿದು, ಒಂದರ ಚೀಟಿಯನ್ನು ಇನ್ನೊಂದರ ತಲೆಗೆ ಭದ್ರವಾಗಿ ಅಂಟಿಸಿ, ಒಣಗಲೆಂದು ಎರಡಕ್ಕೂ ಉಫ್ ಉಫ್ ಎಂದು ಊದಿದ. ಇನ್ಸ್‌ಪೆಕ್ಟರು ಚೀಟಿ ಓದಿದರು, ಸರಿಯಿತ್ತು. ಜೇಬಿಗೆ ಹಾಕಿಕೊಂಡು ಹೊರಟರು. ಸೀಲಪ್ಪ ಉಳಿದದ್ದನ್ನು ಕೈಗೆತ್ತಿಕೊಂಡು ಅತ್ತೆಯ ಕೆನ್ನೆಗೆ ಇಳಿದ. ಕೆನ್ನೆ ತುಂಬಿದ, ತುಟಿ ತಿದ್ದಿದ, ಗದ್ದದ ಕೆಳಗಿನ ನೆರಳಿಗೆ ಒತ್ತೊತ್ತಾಗಿ, ಪ್ರೀತಿಯಿಂದ ಒತ್ತಿದ. ಕೊನೆಯ ಸೀಲು ಬಿದ್ದ ಮೇಲೆ ಸ್ಟುಡಿಯೋದವನನ್ನು ಕರೆದ. ಅವನು ಬೀದಿಯ ಆಚೆ ಬದಿಗೆ ಹೋಗಿ ನಿಂತು, "ಬಂದ್ರು! ಅತ್ತೆ ಬಂದ್ರು!" ಎಂದು ಕೂಗಿದ. ಟೈಪಿಸ್ಟುಗಳು ಯಾರ ಅತ್ತೆ ಬಂದರೆಂದು ಗಾಬರಿಯಿಂದ ರಸ್ತೆ ನೋಡಿದರು. ಹತ್ತಿರ ಹೋಗಿ ನೋಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. ದೂರದಿಂದಲೇ ಅಷ್ಟು ಚೆನ್ನಾಗಿತ್ತು. ಅಲ್ಲಿಂದ ಅದು ನೇರ ಗಾಜಿನ ಚೌಕಟ್ಟಿನೊಳಕ್ಕೆ ಹೋಯಿತು, ಚೌಕಟ್ಟು ಹಳೆಯ ಪೇಪರಿನೊಳಕ್ಕೆ ಹೋಯಿತು.

ಒಂದು ವಾರ ಕಳೆದು ಹುಟ್ಟುಹಬ್ಬ ಬಂತು. ಮನೆಯ ಹಾಲ್ ತುಂಬ ನೆಂಟರು, ಅಕ್ಕಪಕ್ಕದವರು. ಬೆಳಿಗ್ಗೆಯೇ ಬಂದಿಳಿದಿದ್ದ ಹಲ್ಲಿನ ಕುರ್ಚಿ ಪ್ಲಾಸ್ಟಿಕ್ ಹೊದ್ದು ಹಾಲಿನ ಮೂಲೆಯಲ್ಲಿ ಮಲಗಿತ್ತು. ಅತ್ತೆಯ ಕೋಣೆಯಲ್ಲಿ ಹಾಸಿಗೆ ಸುತ್ತಿಟ್ಟಾಗಿತ್ತು. ಷಡ್ಡಕ ತಂದಿದ್ದು ಬೆನ್ನು ಒತ್ತುವ ಯಂತ್ರ. ಅದನ್ನು ಅವನೇ ತನ್ನ ಬೆನ್ನಿಗೆ ಕಟ್ಟಿಕೊಂಡು ಗಡಗಡ ನಡುಗುತ್ತ ತೋರಿಸಿದ. ಅತ್ತೆ, "ಯಾಕೆ ತಂದ್ರಿ, ನನಗೇನೂ ಬೇಡಪ್ಪಾ" ಅಂದರು. ಮಕ್ಕಳು ಅಳಿಯಂದಿರೆಲ್ಲ ಸೇರಿ ಕೇಕು ಕತ್ತರಿಸಿದರು, ಹಂಚಿದರು, ತಿಂದರು.

"ಎಲ್ಲಿ ನಮ್ಮ ಕಲೆಗಾರರು?" ಷಡ್ಡಕ ಇನ್ನೂ ಸ್ವಲ್ಪ ನಡುಗುತ್ತಲೇ ಕೇಳಿದ. "ಬಿಡುವಾಗ್ಲಿಲ್ವೇನೋ, ಪಾಪ."

ಸೀಲಪ್ಪ ಎದ್ದು ಬಂದ. ಗೋಡೆಯ ಕ್ಯಾಲೆಂಡರು ತೆಗೆದು, ಅದೇ ಮೊಳೆಗೆ ಚೌಕಟ್ಟು ತಗುಲಿಸಿ, ಪೇಪರು ಹರಿದ.

ಗೋಡೆಯಿಂದ ಅತ್ತೆ ನೋಡುತ್ತಿದ್ದರು. ಬೀದಿಯ ಮೇಲೆ ಕಣ್ಣಿಟ್ಟಿರುವಾಗಿನ ಆ ಚುರುಕು, ತರಕಾರಿಯವನನ್ನು ನಂಬದ ಆ ಹುಬ್ಬು, ಎಲ್ಲ ಹಾಗೇ. ಸೀಲಪ್ಪನ ಹೆಂಡತಿಗೆ ಅಳು ಬಂತು. "ಅಯ್ಯಯ್ಯೋ, ಅಮ್ಮನೇ ಕಣ್ರೀ!" ಅಂದಳು. ಭಾವಮೈದ ಚಪ್ಪಾಳೆ ಹೊಡೆದ. ಷಡ್ಡಕನ ಹೆಂಡತಿ ತನ್ನ ಗಂಡನ ಕಡೆ ತಿರುಗಿ, "ನೀವು ನೋಡಿ, ಬೆನ್ನು ಒತ್ತೋದು ತಂದಿದ್ದೀರಿ" ಅಂದಳು. ಷಡ್ಡಕ ಯಂತ್ರದ ಗುಂಡಿ ಆರಿಸಿದ.

"ಬರೀ ಮುಖ ಅಲ್ಲ" ಸೀಲಪ್ಪ ಎದೆಯುಬ್ಬಿಸಿ ಹೇಳಿದ. "ಹತ್ರ ಹೋಗಿ ನೋಡಿ, ಅತ್ತೆಯವರ ಮಾತಿನಿಂದಲೇ ಅತ್ತೆಯವರನ್ನ ಮಾಡಿದ್ದೀನಿ."

ಎದುರುಮನೆಯಲ್ಲಿ ರಿಟೈರ್ಡ್ ಮೇಷ್ಟ್ರೊಬ್ಬರಿದ್ದರು. ಬರೆದದ್ದು ಕಂಡರೆ ಓದದೆ ಇರಲು ಆಗದ ಮನುಷ್ಯ, ಬಸ್ಸಿನ ಹಿಂಬದಿಯನ್ನೂ ಬಿಡುವವರಲ್ಲ. ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ. ಅವರು ಹತ್ತಿರ ಹೋಗಿ ಗಟ್ಟಿಯಾಗಿ ಓದಲು ಶುರು ಮಾಡಿದರು.

"ಹಣೆ: ನನಗೇನೂ ಬೇಡ, ನನಗೇನೂ ಬೇಡ. ಭೇಷ್! ಕಣ್ಣು: ನನಗೇನೂ ಬೇಡ. ಆಹಾ! ಮೂಗು: ನನಗೇನೂ ಬೇಡ. ಕೆನ್ನೆ: ಅವಧಿ ಮುಗಿದಿದೆ."

ಯಾರೋ ಕೆಮ್ಮಿದರು.

"ಅವಧಿ ಮುಗಿದಿದೆ, ಅವಧಿ ಮುಗಿದಿದೆ" ಮೇಷ್ಟ್ರು ಗದ್ದಕ್ಕೆ ಇಳಿದರು. ಓದುವುದನ್ನು ಅರ್ಧಕ್ಕೆ ನಿಲ್ಲಿಸಿ ಅವರಿಗೆ ಅಭ್ಯಾಸವಿರಲಿಲ್ಲ. "ಕತ್ತು: ಅವಧಿ ಮುಗಿದಿದೆ. ಇಲ್ಲಂತೂ ಬಹಳ ಒತ್ತೊತ್ತಾಗಿ ಮುಗಿದಿದೆ."

ಸೀಲಪ್ಪ ಕನ್ನಡಕ ಏರಿಸಿ ಓಡಿ ಹೋಗಿ ನೋಡಿದ. ಹಾಲಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

"ಎಪ್ಪತ್ತೈದು ತುಂಬಿದ ದಿನವೇ ಅಮ್ಮನಿಗೆ ಅವಧಿ ಮುಗಿದಿದೆ ಅಂತೀರಾ ಭಾವ!" ಭಾವಮೈದನ ಮುಖ ಕೆಂಪಾಯಿತು. "ಅದೂ ಒಂದು ಸಲ ಅಲ್ಲ!"

"ಗಾಜು ಬೇರೆ ಹಾಕಿಸಿದ್ದಾರೆ, ಅಳಿಸದ ಹಾಗೆ" ಅಂದ ಷಡ್ಡಕ. ಅವನ ಮುಖಕ್ಕೆ ಕಳೆ ಮರಳಿ ಬಂದಿತ್ತು. "ಹೊಟ್ಟೆಯಲ್ಲಿರೋದು ಕೈಯಲ್ಲಿ ಬರುತ್ತೆ ನೋಡಿ. ಇಷ್ಟು ವರ್ಷ ಉಂಡ ಮನೆ!"

"ರೀ, ನೆಲ ಬಾಯಿ ಬಿಟ್ರೆ ಒಳಗೆ ಹೋಗ್ತೀನಿ" ಅಂದಳು ಹೆಂಡತಿ.

ಅಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದಾಯಿತು. ಔಷಧ ಇಲಾಖೆಯ ಇನ್ಸ್‌ಪೆಕ್ಟರು ಬಾಗಿಲಲ್ಲಿ ನಿಂತು ಗುಡುಗಿದರು. "ಸೀಲಿನ ಅಂಗಡಿಯವರು ಇಲ್ಲಿದ್ದಾರಾ? ಅಂಗಡಿ ಪಕ್ಕದವರು ಇದೇ ಮನೆ ಅಂದ್ರು!"

ಖಾಕಿಯಲ್ಲದಿದ್ದರೂ ಜೀಪು ಜೀಪೇ. ಷಡ್ಡಕ ತಟ್ಟನೆ ಕೈ ತೋರಿಸಿದ. "ಅವರೇ ಸರ್! ಆ ಗೋಡೆ ಹತ್ರ ಇರೋರೇ! ನಮಗೂ ಅವರಿಗೂ ಅಂಥ ಬಳಕೆಯೇನಿಲ್ಲ, ದೂರದ ಸಂಬಂಧ."

"ದೂರದ್ದಾ?" ಸೀಲಪ್ಪನ ಹೆಂಡತಿ ನೆಲದೊಳಗೆ ಹೋಗುವ ಯೋಚನೆ ಬಿಟ್ಟಳು. "ನನ್ನ ಅಕ್ಕನ್ನ ಕಟ್ಕೊಂಡಿರೋದು ಯಾರು ಭಾವ, ನೀವಲ್ವಾ?"

ಇನ್ಸ್‌ಪೆಕ್ಟರು ನೇರವಾಗಿ ಬಂದು ಸೀಲಪ್ಪನ ಮೂಗಿನ ಮುಂದೆ ಒಂದು ಸೀಲು ಹಿಡಿದರು. ಅವರ ದನಿಯಲ್ಲಿದ್ದ ಗುಡುಗು ಅಳುವಾಗಿ ಬದಲಾಯಿತು.

"ನನ್ನ ಜೀವನ ಹಾಳು ಮಾಡಿದ್ರಲ್ರೀ! ಆವತ್ತು ಮಾರ್ಕೆಟ್ಟಿನ ಔಷಧಿ ಅಂಗಡಿಲಿ ಹಳೇ ಟಾನಿಕ್ಕು ಹಿಡಿದೆ. ಜನ ಮುತ್ಕೊಂಡಿದ್ರು. ಎಲ್ರಿಗೂ ಕಾಣೋ ಹಾಗೆ ಡಬ್ಬಿ ಡಬ್ಬಿಗೂ ಸೀಲು ಗುದ್ದಿದೆ. ಅಂಗಡಿಯವನು ಓದ್ತಾನೆ: ನನಗೇನೂ ಬೇಡ! ಓದಿ ಕೈ ಮುಗಿದು, 'ಸಾಹೇಬ್ರೇ, ನಾನಿನ್ನೂ ಏನೂ ಕೊಡೋಕೆ ಬಂದೇ ಇಲ್ವಲ್ಲ' ಅಂತಾನೆ. ಜನ ಚಪ್ಪಾಳೆ ಹೊಡೆದ್ರು. ನನ್ನನ್ನ ಹೆಗಲ ಮೇಲೆ ಹೊತ್ಕೊಂಡ್ರು ಕಣ್ರೀ!"

"ಒಳ್ಳೇದೇ ಆಯ್ತಲ್ಲ ಸರ್" ಸೀಲಪ್ಪ ತೊದಲಿದ.

"ಏನು ಒಳ್ಳೇದು? ಸಾಹೇಬ್ರು ಸೀಲೇ ಮಾಡಿಸಿ ಇಟ್ಕೊಂಡಿದ್ದಾರೆ ಅಂತ ಊರೆಲ್ಲ ಸುದ್ದಿ. ಆಫೀಸಲ್ಲಿ ಎಲ್ರ ಟೇಬಲ್ಲಿಗೂ ಟೀ ಬರುತ್ತೆ, ನನ್ನದನ್ನ ದಾಟಿ ಹೋಗುತ್ತೆ. ಕೇಳಿದ್ರೆ, ನಿಮಗೇನೂ ಬೇಡವಂತಲ್ಲ ಸರ್ ಅಂತಾರೆ. ರಜ ಕೇಳೋಕೆ ಹೋದ್ರೆ ದೊಡ್ಡ ಸಾಹೇಬ್ರು, ನಿಮಗೂ ರಜ ಬೇಕಾ ಅಂತ ಆಶ್ಚರ್ಯಪಟ್ರು. ನಿನ್ನೆ ಮನೆಗೆ ಹೋದ್ರೆ ಹೆಂಡ್ತಿ ಅಡುಗೆ ಮಾಡಿ, ಮಕ್ಕಳಿಗೆ ಬಡಿಸಿ, ಪಾತ್ರೆ ತೊಳೆದಿಟ್ಟಿದ್ದಾಳೆ! ಬಾಯಿ ಬಿಟ್ಟು ಬೇಕು ಅಂದ್ರೂ ಒಬ್ರೂ ನಂಬಲ್ಲ. ನನ್ನ ಸೀಲು ನನಗೆ ಕೊಡ್ರೀ, ಪುಣ್ಯ ಬರುತ್ತೆ!"

ನಗಬೇಕೋ ಬೇಡವೋ ಎಂದು ಒಬ್ಬರನ್ನೊಬ್ಬರು ನೋಡುತ್ತಿರುವಾಗ ಮೂಲೆಯಿಂದ ಒಂದು ದನಿ ಬಂತು.

"ಎಷ್ಟು ದಿನ ಆಯ್ತಪ್ಪ ನಿಮಗೆ ಈ ಸೀಲು ಸಿಕ್ಕಿ?"

ಕೇಳಿದವರು ಅತ್ತೆ.

"ಒಂದು ವಾರ ಆಯ್ತಮ್ಮ."

"ಒಂದೇ ವಾರಕ್ಕೆ ಟೀ ನಿಂತೋಯ್ತು, ಊಟ ನಿಂತೋಯ್ತು." ಅತ್ತೆ ನಿಧಾನವಾಗಿ ಎದ್ದು ನಿಂತರು. "ನಾನು ಮದುವೆಯಾಗಿ ಬಂದಾಗಿನಿಂದ ಹೇಳ್ತಿದ್ದೀನಿ. ನನ್ನದು ಏನೇನು ನಿಂತು ಹೋಗಿರ್ಬೇಡ!"

"ಅಮ್ಮ..." ಅಂದ ಮಗ.

"ಈಗ ಕೇಕು ಕತ್ತರಿಸಿದ್ರಿ. ನನ್ನ ಹುಟ್ಟುಹಬ್ಬದ್ದೇ. ಬೀದಿಯವರಿಗೆಲ್ಲ ಕೊಟ್ರಿ. ನನಗೆ ಯಾರಾದ್ರೂ ಒಂದು ಚೂರು ಕೊಟ್ರಾ?"

ಎಲ್ಲರೂ ತಮ್ಮ ತಮ್ಮ ತಟ್ಟೆ ನೋಡಿಕೊಂಡರು. ಸೀಲಪ್ಪನ ಹೆಂಡತಿಯ ಕೈಯಲ್ಲಿದ್ದ ತುಂಡು ಅರ್ಧ ದಾರಿಯಲ್ಲೇ ನಿಂತಿತು.

"ನೀನು ಬೇಡ ಅಂದ್ಯಲ್ಲಮ್ಮ..." ಮಗ ಗೊಣಗಿದ.

"ಅಂದೆ ಕಣೋ. ಬಾಯಿಗೆ ಅಭ್ಯಾಸ ಆಗಿಹೋಗಿದೆ. ಇನ್ನೊಂದು ಸಲ ಕೇಳ್ಲಿ ಅಂತ ಅಂದೆ. ಇನ್ನೊಂದು ಸಲ ಯಾರೂ ಕೇಳ್ಲಿಲ್ಲ." ಅತ್ತೆ ಮೇಷ್ಟ್ರ ಕೈಯಿಂದ ಭೂತಗನ್ನಡಿ ಕಿತ್ತುಕೊಂಡು ಗೋಡೆಯ ಹತ್ತಿರ ಹೋದರು. ತಮ್ಮ ಹಣೆ ಓದಿದರು, ಕಣ್ಣು ಓದಿದರು, ಕೆನ್ನೆ ಓದಿದರು. ಸೀಲಪ್ಪ ಕಣ್ಣು ಮುಚ್ಚಿಕೊಂಡ. ಬಾಗಿಲು ಯಾವ ಕಡೆಗಿದೆ ಎಂದು ಅವನು ಮೊದಲೇ ನೋಡಿಟ್ಟುಕೊಂಡಿದ್ದ.

ಅತ್ತೆ ನಗಲು ಶುರು ಮಾಡಿದರು. ಹೆಗಲು ಕುಲುಕಿತು, ಹೊಟ್ಟೆ ಕುಲುಕಿತು, ಕಣ್ಣಲ್ಲಿ ನೀರು ಬಂತು. ಅತ್ತೆ ಹೀಗೆ ನಕ್ಕಿದ್ದನ್ನು ಆ ಮನೆಯ ಗೋಡೆಗಳೂ ನೋಡಿರಲಿಲ್ಲ.

"ಸರಿಯಾಗೇ ಒತ್ತಿದ್ದೀರಿ ಅಳಿಯಂದ್ರೇ, ಒಂದು ಅಕ್ಷರ ತಪ್ಪಿಲ್ಲ. ಕಣ್ಣು ನನಗೇನೂ ಬೇಡ ಅಂತಿದೆ, ಬಾಯಿ ಅದರ ಅವಧಿ ಮುಗಿದಿದೆ ಅಂತಿದೆ. ಮುಗೀತು! ಇವತ್ತಿಗೆ ಮುಗೀತು. ಇನ್ಮೇಲೆ ನನಗೆ ಬೇಕು."

"ಏನು ಬೇಕಮ್ಮ?" ಮಗ ಹೆದರುತ್ತ ಕೇಳಿದ.

"ಮೊದಲು ಕೇಕು. ಮೇಲೆ ಹೂವು ಇದೆಯಲ್ಲ, ಆ ತುಂಡು. ಆಮೇಲೆ ನನ್ನ ಕೋಣೆ. ಸುತ್ತಿಟ್ಟ ಹಾಸಿಗೆ ಬಿಚ್ಚು. ಆ ಕಿಟಕಿ ಬಿಟ್ಟು ನಾನೆಲ್ಲೂ ಬರಲ್ಲ."

"ಕ್ಲಿನಿಕ್ಕು..."

"ಹಿಂದಿನ ಕೋಣೆಲಿ ಮಾಡು. ಹಲ್ಲು ನೋವು ಅಂತ ಬಂದೋರಿಗೆ ಕಿಟಕಿ ಯಾಕೋ? ಬಾಯಿ ಬಿಟ್ಕೊಂಡು ಸೂರು ನೋಡ್ತಾ ಬಿದ್ದಿರ್ತಾರೆ. ಸೂರು ಎಲ್ಲಾ ಕೋಣೆಲೂ ಇದೆ."

ಮಗ ಹಾಸಿಗೆ ಬಿಚ್ಚಲು ಹೋದ.

"ನಿಲ್ಲು. ಆ ಕುರ್ಚಿ ಏರುತ್ತೆ, ಇಳಿಯುತ್ತೆ ಅಂದ್ಯಲ್ಲ? ಅದನ್ನ ನನ್ನ ಕಿಟಕಿ ಹತ್ರ ಹಾಕು. ನಿನಗೆ ಇನ್ನೊಂದು ತರಿಸ್ಕೋ."

ಭಾವಮೈದ, ಮೇಷ್ಟ್ರು, ಇನ್ಸ್‌ಪೆಕ್ಟರು, ಎಲ್ಲರೂ ಕೈ ಹಾಕಿ ಕುರ್ಚಿಯನ್ನು ತಳ್ಳಿದರು. ಷಡ್ಡಕನೂ ಒಂದು ಬದಿ ಹಿಡಿದ. ಚಿತ್ರವನ್ನು ಮೊಳೆಯಿಂದ ಇಳಿಸಿ ಅದೇ ಕೋಣೆಯಲ್ಲಿ, ಬೀದಿಗೂ ಕಾಣುವ ಹಾಗೆ ತಗುಲಿಸಿದ್ದು ಅತ್ತೆಯ ಅಪ್ಪಣೆ. ಅತ್ತೆ ಕುರ್ಚಿ ಹತ್ತಿ ಕೂತು, ಕೈಯಲ್ಲಿ ಹೂವಿನ ತುಂಡು ಕೇಕು ಹಿಡಿದು, ಗುಂಡಿ ಒತ್ತಿದರು. ಗುಂಯ್ ಎಂದು ಮೇಲೇರಿದರು. ಆ ಎತ್ತರದಿಂದ ಬೀದಿಯ ತಿರುವಿನ ಆಚೆಯ ಮನೆಗಳೂ ಕಾಣುತ್ತಿದ್ದವು. ಇಷ್ಟು ವರ್ಷ ಆ ತಿರುವಿನ ಆಚೆ ಏನು ನಡೆಯುತ್ತದೆ ಎಂದು ಗೊತ್ತಾಗದೆ ಅವರು ಒದ್ದಾಡಿದ್ದರು.

ಅತ್ತೆಯ ಸೀಲೆಂದೇ ತಿಳಿದು ಎಲ್ಲರಿಗೂ ತೋರಿಸಲು ಜೇಬಿನಲ್ಲಿ ತಂದಿದ್ದ ಸೀಲನ್ನು ಸೀಲಪ್ಪ ಇನ್ಸ್‌ಪೆಕ್ಟರಿಗೆ ತೆಗೆದುಕೊಟ್ಟ. ಅವರಿಗೆ ಎರಡು ತುಂಡು ಕೇಕು ಸಿಕ್ಕಿತು. ಮೂರನೆಯದನ್ನು ಅವರೇ ಕೇಳಿ ತೆಗೆದುಕೊಂಡರು. ಮೇಷ್ಟ್ರು ಸೀಲಪ್ಪನ ತೋಳು ಹಿಡಿದು ಪಕ್ಕಕ್ಕೆ ಎಳೆದು, ತಮ್ಮ ಹೆಂಡತಿಯದೂ ಒಂದು ಮುಖ ಆಗಬೇಕು, ಅವಳು ಆಡುವ ಮಾತು ಮಾತ್ರ ಸ್ವಲ್ಪ ಉದ್ದ ಎಂದು ಪಿಸುಗುಟ್ಟಿದರು. ಭಾವಮೈದನಿಗೆ ಕ್ಲಿನಿಕ್ಕಿನ ಗೋಡೆಗೆ ಒಂದು ಬೇಕಂತೆ. ಸೀಲಪ್ಪನ ಹೆಂಡತಿ ಗಂಡನ ಪಕ್ಕದಲ್ಲಿ, ಚಿತ್ರ ಬರೆದವಳು ತಾನೇ ಎಂಬಂತೆ ನಿಂತಿದ್ದಳು.

ಅತ್ತೆ ಎತ್ತರದಿಂದಲೇ, ತೆರೆದ ಬಾಗಿಲಿನಾಚೆಯ ಹಾಲಿನ ಕಡೆ ತಿರುಗಿ ನೋಡಿದರು.

"ಚಿಕ್ಕ ಅಳಿಯಂದ್ರೇ, ಎಲ್ರೂ ಏನಾದ್ರೂ ಕೇಳಿದ್ರು. ನೀವು ಬಾಯೇ ಬಿಡ್ಲಿಲ್ಲ. ನಿಮಗೇನು ಬೇಕು, ಹೇಳಿ."

"ನನಗೇ..." ಅಂದ ಸೀಲಪ್ಪ. ಹೆಂಡತಿ ಸೊಂಟಕ್ಕೆ ಚಿವುಟಿದಳು. ಇನ್ಸ್‌ಪೆಕ್ಟರು ಕೇಕಿನ ಬಾಯಲ್ಲೇ "ಬೇಡ, ಬೇಡ, ಆ ಮಾತು ಆಡ್ಬೇಡಿ!" ಎಂದು ಎರಡೂ ಕೈ ಎತ್ತಿದರು. ಸೀಲಪ್ಪ ಆ ಮಾತು ನುಂಗಿ, ಸೋಫಾದ ಹೊಸ ಹೊದಿಕೆಯ ಮೇಲೆ ಹೋಗಿ ಕೂತು, ಕಾಲ ಮೇಲೆ ಕಾಲು ಹಾಕಿದ.

"ನನಗೆ ಕಾಫಿ ಬೇಕು ಅತ್ತೆ. ದೊಡ್ಡ ಲೋಟ. ಸಕ್ಕರೆ ಸ್ವಲ್ಪ ಜಾಸ್ತಿ ಇರ್ಲಿ."

ಹೆಂಡತಿ ಕಾಫಿ ಮಾಡಲು ಹೊರಟಳು. ಅತ್ತೆ ಅವಳಿಗೆ ನಿಲ್ಲು ಎಂದು ಕೈ ಮಾಡಿ, ಗುಂಡಿ ಒತ್ತಿ ಇನ್ನೂ ಒಂದಷ್ಟು ಮೇಲೇರಿದರು. "ದೊಡ್ಡ ಅಳಿಯಂದ್ರೇ, ಕೇಳಿಸ್ತಲ್ವಾ?"

ಷಡ್ಡಕ ಎದ್ದು ಅಡುಗೆಮನೆಗೆ ಹೋದ. ಸ್ವಲ್ಪ ಹೊತ್ತಿಗೆ ಒಳಗಿನಿಂದ, ಸಕ್ಕರೆ ಡಬ್ಬಿ ಯಾವುದು, ಎಷ್ಟು ಚಮಚ ಹಾಕಲಿ ಎಂದು ಕೂಗಿ ಕೇಳಿದ.